ಕಾಯಿಸಿದ ಹಾಲು, ದೂರದ ಅಮ್ಮ

ಕಾಸರಗೋಡಿನ ಬದಿಯಡ್ಕ ಕಡೆಯ ಅಕ್ಕ ಒಬ್ಬರು ಬರೆದಿದ್ದಾರೆ: ಮೊಮ್ಮಗ ದಿನ ತುಂಬುವ ಮೊದಲೇ ಹುಟ್ಟಿ ಮಂಗಳೂರಿನ ಐಸಿಯುನಲ್ಲಿದ್ದಾನೆ, ಮಗಳಿಗೆ ಹಾಲು ಸಾಲದೆ ಮಿಲ್ಕ್ ಬ್ಯಾಂಕಿನ ಹಾಲು (ಬೇರೆ ಅಮ್ಮಂದಿರು ದಾನ ಕೊಟ್ಟದ್ದು) ಕೊಡ್ತಿದ್ದಾರೆ, "ಬಿಸಿ ಮಾಡಿ ಒಳ್ಳೆ ಪ್ರೋಟೀನೆಲ್ಲ ಸಾಯಿಸಿರ್ತಾರಂತೆ, ಹಾಗಾದ್ರೆ ಡಬ್ಬದ ಪುಡಿಗೂ ಇದಕ್ಕೂ ಎಂತ ವ್ಯತ್ಯಾಸ?"

ಅಕ್ಕಾ, ನೀವು ಕೇಳಿದ್ದರಲ್ಲಿ ಸತ್ಯ ಉಂಟು. ಬ್ಯಾಂಕಿನ ಹಾಲನ್ನು ರೋಗಾಣು ಸಾಯ್ಲಿಕ್ಕೆ 62.5 ಡಿಗ್ರಿಯಲ್ಲಿ 30 ನಿಮಿಷ ಇಡ್ತಾರೆ, ರೋಗಾಣು ತಡೆಯುವ ಪ್ರೋಟೀನ್ ಲ್ಯಾಕ್ಟೋಫೆರಿನ್ ಅರ್ಧಕ್ಕಿಂತ ಹೆಚ್ಚು ಹಾಳಾಗ್ತದೆ, ಕೊಬ್ಬು ಕರಗಿಸುವ ಲೈಪೇಸ್ ಅಂತೂ ಪೂರ್ತಿ ಹೋಯ್ತು. 72 ಡಿಗ್ರಿಯಲ್ಲಿ 15 ಸೆಕೆಂಡಿನ ವಿಧಾನದಲ್ಲಿ ಹೆಚ್ಚು ಉಳೀತದೆ, ಆದ್ರೆ ಆ ಮೆಷಿನು ಎಲ್ಲಾ ಕಡೆ ಇಲ್ಲ. ಆಯ್ತು, ಒಪ್ಪಿದೆ.

ಆದ್ರೆ ಹೋದದ್ದನ್ನು ಮಾತ್ರ ಲೆಕ್ಕ ಹಾಕಿದ್ರೆ ಹೇಗೆ ಮಾರಾಯ್ರೆ? ಸೋಂಕು ತಡೆಯುವ ಐಜಿಎ ಅನ್ನುವ ಪ್ರತಿಕಾಯ ಬಹುಪಾಲು ಉಳೀತದೆ, ಮಗುವಿನ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಕ್ಕೆ ಬೇಕಾದ ಸಕ್ಕರೆಗಳಿಗೆ ಬಿಸಿಯಿಂದ ಎಂತದೂ ಆಗುದಿಲ್ಲ, ಆದ್ರೆ ಎಚ್‌ಐವಿ, ಸಿಎಂವಿಯಂಥ ಹಾಲಿನಿಂದ ಹರಡುವ ವೈರಸ್‌ಗಳು ಸಾಯ್ತವೆ. ಪುಡಿಯಲ್ಲಿ ಮನುಷ್ಯರ ಐಜಿಎ ಮೊದಲಿಂದಲೇ ಇಲ್ಲ, ಸಾಯ್ಲಿಕ್ಕೆ ಎಂತ ಉಂಟು ಅಲ್ಲಿ? ಮೇಲಾಗಿ ದಿನ ತುಂಬದೆ ಹುಟ್ಟಿ ಪುಡಿ ಕುಡಿದ ಮಕ್ಕಳಲ್ಲಿ ಕರುಳು ಕೊಳೆಯುವ ಎನ್‌ಇಸಿ ಅನ್ನುವ ಕಾಯಿಲೆ ಹೆಚ್ಚು. ಅದಕ್ಕೇ ಅಮ್ಮನ ಹಾಲು ಸಿಗದಿದ್ರೆ ಬ್ಯಾಂಕಿನದ್ದು, ಅದೂ ಇಲ್ಲದಿದ್ರೆ ಪುಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಹೇಳುದು. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಡಾ. ಆರ್ಮಿಡಾ ಫರ್ನಾಂಡಿಸ್ ಇಂಥ ಬ್ಯಾಂಕು ಶುರು ಮಾಡಿದ್ರು. ನಮ್ಮ ಕೇರಳಕ್ಕೆ ಮೊದಲ ಬ್ಯಾಂಕು ಬಂದದ್ದು 2021ರಲ್ಲಿ, ಅದೂ ಎರ್ನಾಕುಲಕ್ಕೆ! ಕಾಸರಗೋಡಿನವರು ಅಷ್ಟು ದೂರ ಹೋಗುದಾ? ಎಲ್ಲದಕ್ಕೂ ತಲಪಾಡಿ ಗಡಿ ದಾಟಿ ಮಂಗಳೂರಿಗೇ ಹೋಗ್ಬೇಕು, 2020ರ ಮಾರ್ಚಲ್ಲಿ ಕೊರೊನಾ ಅಂತ ಅಲ್ಲಿ ದಾರಿಗೆ ಮಣ್ಣು ಸುರಿದು ಬಂದ್ ಮಾಡಿದ್ದು ನೆನಪುಂಟಲ್ಲ.

ಬಿಸಿಗಿಂತ ನನ್ನ ಸಿಟ್ಟು ಈ ದೂರದ ಮೇಲೆ. ಸ್ವಂತ ಅಮ್ಮನ ಹಾಲನ್ನು ಕಾಯಿಸ್ಬೇಕೂಂತ ಇಲ್ಲ, ಲ್ಯಾಕ್ಟೋಫೆರಿನ್ ಲೈಪೇಸ್ ಎಲ್ಲ ಇದ್ದ ಹಾಗೇ ಮಗುವಿಗೆ ಸಿಗ್ತದೆ, ಆದ್ರೆ ಅಮ್ಮ ಇಲ್ಲಿ ಮಲಗಿದ್ದಾಳೆ, ಮಗು ಅಲ್ಲಿ. ನಮ್ಮ ಹತ್ತಿರದ ಮನೆಯ ಹುಡುಗ ಐಸ್ ತುಂಬಿದ ಫ್ಲಾಸ್ಕಲ್ಲಿ ಸಣ್ಣ ಬಾಟ್ಲಿ ಇಟ್ಟು, ಪ್ಲಾಸ್ಟರ್ ಮೇಲೆ ಹೆಂಡತಿ ಹೆಸರು, ಹಿಂಡಿದ ಗಂಟೆ ಬರೆದು, ಬೆಳಗ್ಗಿನ ಬಸ್ಸಲ್ಲಿ ನಿಂತ್ಕೊಂಡೇ ಮಂಗಳೂರಿಗೆ ಹೋಗ್ತಿದ್ದ. ಚುನಾವಣೆಗೆ ಬಂದವರು ಯಾರಾದ್ರೂ ಇದನ್ನು ಕೇಳಿದ್ದಾರಾ? ಅವರಿಗೆ ಭಾಷೆಯ ಜಗಳ ಸಾಕು, ನಮ್ಮವರಿಗೂ ಹಾಗೇ.

ನೀವು ವಾಟ್ಸಾಪಿನ ಸುದ್ದಿ ಬದಿಗಿಟ್ಟು ಮಗಳನ್ನು ಮಂಗಳೂರಲ್ಲೇ ಉಳಿಸ್ಲಿಕ್ಕೆ ನೋಡಿ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಹಾಲು ಹಿಂಡ್ಲಿ, ನಾಲ್ಕು ಹನಿ ಬಂದ್ರೂ ನರ್ಸ್ ಕೈಗೆ ಕೊಡಿ, ಕಡಿಮೆ ಬಿದ್ದದ್ದಕ್ಕೆ ಬ್ಯಾಂಕಿನದ್ದು ಕೊಡ್ಲಿ. ಮಗುವನ್ನು ಎದೆಗೊತ್ತಿ ಮಲಗಿಸ್ಲಿಕ್ಕೆ ಯಾವಾಗ ಬಿಡ್ತೀರಿ ಅಂತ ಡಾಕ್ಟ್ರ ಹತ್ರ ನಾಳೆಯೇ ಕೇಳಿ.