ಫೋಟೋ ತೆಗೆಯುವುದು ಯೋಚಿಸುವ ಒಂದು ದಾರಿಯಾಗಬಹುದೇ?

ಖಂಡಿತ ಆಗಬಹುದು. ಆದರೆ ಒಂದು ಚೆಂದದ ಚಿತ್ರದಿಂದಲ್ಲ, ಅನೇಕ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಿಂದ.

ಜರ್ಮನಿಯ ದಂಪತಿ ಬೆರ್ನ್ಡ್ ಮತ್ತು ಹಿಲ್ಲಾ ಬೆಷರ್ ಇದಕ್ಕೆ ನಾನು ಬಲ್ಲ ಅತ್ಯುತ್ತಮ ಉದಾಹರಣೆ. 1959ರಿಂದ ಹಲವು ದಶಕಗಳ ಕಾಲ ಅವರು ನೀರಿನ ಗೋಪುರ, ಕಬ್ಬಿಣದ ಅದಿರು ಕರಗಿಸುವ ಊದುಕುಲುಮೆ, ಅನಿಲ ಸಂಗ್ರಹಾಗಾರಗಳ ಕಪ್ಪುಬಿಳುಪು ಚಿತ್ರಗಳನ್ನೇ ತೆಗೆದರು. ಕಡುನೆರಳು ಬೀಳಬಾರದೆಂದು ಮೋಡ ಕವಿದ ದಿನಕ್ಕಾಗಿ ಕಾಯುತ್ತಿದ್ದರು. ಕಟ್ಟಡ ನಡುವೆ, ನೇರವಾಗಿ ನಿಲ್ಲಬೇಕು. ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಜನರಿರುವುದಿಲ್ಲ. ಹೀಗೆ ಬೆಳಕು, ಕೋನ, ಅಳತೆ ಎಲ್ಲವನ್ನೂ ಒಂದೇ ಸಮ ಮಾಡಿದಾಗ ಉಳಿಯುವುದು ವಸ್ತುಗಳ ನಡುವಿನ ವ್ಯತ್ಯಾಸ ಮಾತ್ರ. ಒಂಬತ್ತು ಗೋಪುರಗಳನ್ನು ಸಾಲಾಗಿ ಜೋಡಿಸಿದರೆ ಒಂದರದು ಗುಂಡು ತಲೆ, ಇನ್ನೊಂದರದು ಶಂಕುವಿನಂಥ ಟೋಪಿ, ಮತ್ತೊಂದಕ್ಕೆ ಉಕ್ಕಿನ ಸಣ್ಣ ಕಾಲುಗಳು. ಕೆಲಸ ಒಂದೇ ಆಗಿರುವಾಗ ರೂಪವೇಕೆ ಬೇರೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಇದು ವಿಜ್ಞಾನಿ ಮಾದರಿಗಳನ್ನು ವರ್ಗೀಕರಿಸುವ ವಿಧಾನವೇ. ಇಟಲಿಯ ವೆನಿಸ್‌ನಲ್ಲಿ ನಡೆಯುವ ದೊಡ್ಡ ಕಲಾ ಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ 1990ರಲ್ಲಿ ಈ ಛಾಯಾಗ್ರಾಹಕರಿಗೆ ಸಿಕ್ಕಿದ್ದು ಶಿಲ್ಪಕಲೆಯ ಪ್ರಶಸ್ತಿ! ಅವರ ಚಿತ್ರಗಳು ಕಟ್ಟಡಗಳ ರೂಪವನ್ನೇ ನೋಡಿಸುವುದರಿಂದ ನನಗೆ ಅದು ತೀರಾ ಸರಿಯೆನಿಸುತ್ತದೆ.

ನೀವೂ ಪ್ರಯತ್ನಿಸಿ, ಮೊಬೈಲ್ ಸಾಕು. ನಿಮ್ಮ ತಾಲ್ಲೂಕಿನ ಊರೂರಿನ ಓವರ್‌ಹೆಡ್ ಟ್ಯಾಂಕ್‌ಗಳನ್ನು ಒಂದೇ ದೂರದಿಂದ, ಮೋಡವಿರುವ ಹೊತ್ತಿನಲ್ಲಿ ತೆಗೆಯಿರಿ. ಕಂಬಗಳೆಷ್ಟು, ಏಣಿ ಎಲ್ಲಿದೆ, ಯಾವ ಊರಿನದು ಸೋರುತ್ತಿದೆ, ಯಾವುದರ ಬುಡದಲ್ಲಿ ಕೊಡಗಳ ಸಾಲಿದೆ ಎಂಬುದನ್ನು ಹೋಲಿಸಿ. ಚಿತ್ರಗಳ ಕೆಳಗೆ ಮೊದಲು ಏನೂ ಬರೆಯಬೇಡಿ. ಎಲ್ಲವನ್ನೂ ಜೋಡಿಸಿದ ಮೇಲೆ ಹುಟ್ಟುವ ಪ್ರಶ್ನೆಗಳನ್ನಷ್ಟೇ ಬರೆದುಕೊಳ್ಳಿ.