ಆಫೀಸ್ ಕೆಲಸಕ್ಕೆ ಕೋಲಾರಕ್ಕೆ ಹೋಗ್ತಿದ್ದೇನೆ, ಒಂದು ಭಾನುವಾರ ಬಿಡುವು. ಕಾರು ಮಾಡಿಕೊಂಡು ಕೆಜಿಎಫ್, ಕೋಟಿಲಿಂಗೇಶ್ವರ ಎರಡೂ ಮುಗಿಸಬಹುದಾ?

ಮುಗಿಸಬಹುದು. ಆದರೆ ಕಾರು ಮಾಡಬೇಡಿ. ನಿಮ್ಮ ಪ್ರಶ್ನೆ ಓದಿ 2016ರಲ್ಲಿ ನಾನು ಕೋಲಾರದಲ್ಲಿ ಕಳೆದ ಐದು ದಿನ ಹಾಗೇ ಕಣ್ಣ ಮುಂದೆ ಬಂತು.

ಮೈಸೂರಿಂದ ಆಡಿಟ್ ಕೆಲಸಕ್ಕೆ ಹೋಗಿದ್ದೆ. ಗುರುವಾರದಿಂದ ಸೋಮವಾರದ ತನಕ, ನಡುವೆ ಭಾನುವಾರ ರಜೆ. ಹೊರಡುವಾಗ ಅಮ್ಮ ಒಂದೇ ಮಾತು ಹೇಳಿದ್ದರು: "ಕೋಲಾರಮ್ಮನ ಗುಡಿಗೆ ಹೋಗಿ ಬಾ, ಒಂದು ಚಿಟಿಕೆ ಕುಂಕುಮ ತಾ." ಅಮ್ಮ ಏಳನೇ ಕ್ಲಾಸಿನ ತನಕ ಓದಿದ್ದು ಕೋಲಾರದಲ್ಲೇ. ತಾತ ಅಲ್ಲಿ ಮೇಷ್ಟ್ರಾಗಿದ್ದರು.

ನನ್ನ ಲಾಡ್ಜಿನಿಂದ ಗುಡಿಗೆ ನಡೆದರೆ ಹತ್ತು ನಿಮಿಷ. ಪಕ್ಕದಲ್ಲೇ ಇದೆಯಲ್ಲ, ಯಾವಾಗ ಬೇಕಾದರೂ ಹೋದರಾಯಿತು ಅಂದುಕೊಂಡೆ. ಮೊದಲ ಮೂರು ದಿನ ಕೆಲಸ ಮುಗಿಯುವಾಗ ರಾತ್ರಿ ಎಂಟಾಗುತ್ತಿತ್ತು. ಭಾನುವಾರ ಬೆಳಿಗ್ಗೆ ಕಾರು ಬಂತು. ಕೋಟಿಲಿಂಗೇಶ್ವರ ಇರುವ ಕಮ್ಮಸಂದ್ರದಲ್ಲಿ 108 ಅಡಿ ಎತ್ತರದ ಲಿಂಗ ನೋಡಿದೆ. ರಜೆ ದಿನ, ಕಾಲಿಡಲು ಜಾಗ ಇರಲಿಲ್ಲ. ಆಮೇಲೆ ಕೆಜಿಎಫ್. ಗಣಿ 2001ರಲ್ಲೇ ಮುಚ್ಚಿದೆ. ಚಿನ್ನದ ಗಣಿಯೊಳಗೆ ಇಳಿಯಬಹುದು ಅಂತ ನೀವು ಅಂದುಕೊಂಡಿದ್ದರೆ ಅದನ್ನು ಬಿಟ್ಟುಬಿಡಿ. ನಾನು ನೋಡಿದ್ದು ಮುಚ್ಚಿದ ಗೇಟು, ದೂರದಲ್ಲಿ ಸೈನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಗುಡ್ಡೆಗಳು. ವಾಪಸ್ ಬರುವಾಗ ರಾತ್ರಿ ಒಂಬತ್ತು. ಕೋಲಾರಮ್ಮನ ಗುಡಿ ಮುಚ್ಚಿತ್ತು.

ಸೋಮವಾರ ಮಧ್ಯಾಹ್ನ ಒಂದು ಗಂಟೆ ಬಿಡುವು ಸಿಕ್ಕಿತು. ಓಡಿದೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಮತ್ತೆ ತೆಗೆಯುವುದು ಸಂಜೆಗೆ. ನನ್ನ ಬಸ್ಸು ಮೂರಕ್ಕೆ. ಬೀಗ ನೋಡಿಕೊಂಡು ವಾಪಸ್ ಬಂದೆ.

ಇಲ್ಲಿ ನನ್ನ ತಪ್ಪು ಏನು ಅಂತ ಸರಿಯಾಗಿ ಹೇಳಬೇಕು, ಯಾಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಕೆಜಿಎಫ್‌ಗೆ ಹೋದದ್ದು ತಪ್ಪಲ್ಲ. ದೂರದ ಜಾಗಕ್ಕೆ ಇಡೀ ದಿನ ಎತ್ತಿಟ್ಟೆ, ಹತ್ತಿರದ ಜಾಗಕ್ಕೆ ಉಳಿದುಬಳಿದ ಹೊತ್ತು ಕೊಟ್ಟೆ. ಕೆಲಸದ ಮೇಲೆ ಹೋದಾಗ ಹೊತ್ತು ಉಳಿಯುವುದೇ ಇಲ್ಲ. ಫೈಲ್ ಒಂದು ಜಾಸ್ತಿ ಬರುತ್ತದೆ, ಮ್ಯಾನೇಜರ್ ಕಾಫಿಗೆ ಕೂರಿಸುತ್ತಾರೆ. ಇನ್ನೊಂದು, ಗುಡಿ ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅಂತ ಒಬ್ಬರನ್ನೂ ಕೇಳಿರಲಿಲ್ಲ. ದಿನಾ ಟೀ ತಂದುಕೊಡುತ್ತಿದ್ದ ಲಾಡ್ಜಿನ ಹುಡುಗನನ್ನು ಕೇಳಿದ್ದರೂ ಸಾಕಿತ್ತು.

ಮನೆಗೆ ಬಂದಾಗ ಅಮ್ಮ "ಹೋಗ್ಲಿ ಬಿಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಚೇಳಮ್ಮನ ಹತ್ತಿರ ನೆಲದಲ್ಲಿ ಹುಂಡಿ ಇತ್ತು, ಈಗಲೂ ಇದೆಯಾ?" ಅಂತ ಕೇಳಿದರು. ಏನು ಹೇಳಲಿ? ನನಗೆ ಗೊತ್ತಿರಲಿಲ್ಲ.

2019ರಲ್ಲಿ ಮತ್ತೆ ಅದೇ ಊರಿಗೆ ಆಡಿಟ್ ಬಂತು. ಈ ಸಲ ಭಾನುವಾರ ಪೂರ್ತಿ ಕಾಲ್ನಡಿಗೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ಅಂತರಗಂಗೆ. ಶತಶೃಂಗ ಬೆಟ್ಟದ ಮೆಟ್ಟಿಲು ಹತ್ತಿದರೆ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಿರುತ್ತದೆ. ಕೋಲಾರದಂಥ ಬರದ ಸೀಮೆಯಲ್ಲಿ ಆ ನೀರಿಗೆ ಕೈಯೊಡ್ಡಿ ನೋಡಿ. ಕೋತಿಗಳು ಜಾಸ್ತಿ, ಕೈಯಲ್ಲಿ ಕವರ್ ಹಿಡಿಯಬೇಡಿ.

ಅಲ್ಲಿಂದ ಇಳಿದು, ತಿಂಡಿ ತಿಂದು ಕೋಲಾರಮ್ಮನ ಗುಡಿಗೆ ಹೋದೆ. ಗೋಡೆಯ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ. ರಾಜೇಂದ್ರ ಚೋಳನ ಹೆಸರಿರುವ ಶಾಸನವೂ ಇದೆ, ಅಂದರೆ ಸಾವಿರ ವರ್ಷದ ಮಾತು. ಓದಲು ಬರದಿದ್ದರೂ ನಾನು ಎಷ್ಟೋ ಹೊತ್ತು ಆ ಅಕ್ಷರಗಳನ್ನೇ ನೋಡುತ್ತಾ ನಿಂತಿದ್ದೆ. ಒಳಗೆ ಅಮ್ಮನವರದು ಉಗ್ರರೂಪ ಅಂತ ಕನ್ನಡಿಯಲ್ಲಿ ದರ್ಶನ ಮಾಡುತ್ತಾರೆ. ಕನ್ನಡಿಯಲ್ಲಿ ದೇವಿಯ ಮುಖ ಕಂಡಾಗ ನನ್ನಮ್ಮನೂ ಲಂಗ ಹಾಕಿಕೊಂಡು ಇಲ್ಲೇ ನಿಂತಿದ್ದರು ಅಲ್ವಾ ಅನ್ನಿಸಿ ಗಂಟಲು ಕಟ್ಟಿತು. ಅಲ್ಲೇ ಚೇಳಮ್ಮನ ಗುಡಿ. ಬೇಡಿಕೊಂಡರೆ ಚೇಳು ಕಡಿಯುವುದಿಲ್ಲ ಅನ್ನುವ ನಂಬಿಕೆ. ನೆಲದ ಹುಂಡಿ ಇದೆ. ಯಾರೂ ಅದನ್ನು ತೆಗೆದೇ ಇಲ್ಲ ಅಂತ ಊರವರು ಹೇಳುತ್ತಾರೆ. ಅಮ್ಮನ ಹೆಸರಲ್ಲಿ ಒಂದು ನಾಣ್ಯ ಹಾಕಿದೆ.

ಸೋಮೇಶ್ವರ ದೇವಸ್ಥಾನ ಅಲ್ಲಿಗೆ ಹತ್ತಿರವೇ. ಇದು ವಿಜಯನಗರದ ಕಾಲದ್ದು. ಕಲ್ಯಾಣ ಮಂಟಪದ ಕಂಬಗಳನ್ನು ಒಂದೊಂದಾಗಿ ಸುತ್ತಿ ನೋಡಿ, ಆತುರ ಬೇಡ. ಸಂಜೆ ಹೊತ್ತಿದ್ದರೆ ಹೈದರಾಲಿಯ ತಂದೆ ಫತೇ ಮಹಮ್ಮದರ ಗೋರಿ ಇರುವ ಮಕ್ಬರಾ ನೋಡಿ. ತಲಕಾಡಿಗೆ ಹೋಗುವ ಮೊದಲು ಗಂಗರ ರಾಜಧಾನಿ ಇದೇ ಊರು, ಆಗ ಕುವಲಾಲ. ಊರು ಬಿಟ್ಟು ಹೋದಮೇಲೂ ಗಂಗರು ತಮ್ಮನ್ನು ಕುವಲಾಲಪುರವರೇಶ್ವರ, ಅಂದರೆ ಕುವಲಾಲದ ಒಡೆಯ, ಅಂತಲೇ ಕರೆದುಕೊಂಡರು. ಇಂಥ ಊರಲ್ಲಿ ಉಳಿದುಕೊಂಡು, ಅದನ್ನೇ ನೋಡದೆ ಕಾರಲ್ಲಿ ಮೂವತ್ತು ಕಿಲೋಮೀಟರ್ ಆಚೆ ಓಡಬೇಕಾ?

ಪೇಪರಿನಲ್ಲಿ ಮಡಚಿ ತಂದ ಕುಂಕುಮವನ್ನು ಅಮ್ಮ ದೇವರ ಮುಂದಿಟ್ಟು, "ಹುಂಡಿ?" ಅಂದರು. ಇದೆ ಅಂದೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಪೂರ್ತಿ ಕೋಲಾರದ್ದೇ ಮಾತು.

ಕೆಜಿಎಫ್ ನೋಡಲೇಬೇಕು ಅಂದರೆ ಅದಕ್ಕೆ ಬೇರೆ ಒಂದು ದಿನ ರಜೆ ಹಾಕಿ ಬನ್ನಿ. ಈ ಸಲ ಶನಿವಾರ ರಾತ್ರಿಯೇ ಲಾಡ್ಜಿನವರ ಹತ್ತಿರ ಗುಡಿ ತೆಗೆಯುವ, ಮುಚ್ಚುವ ಹೊತ್ತು ಕೇಳಿಟ್ಟುಕೊಳ್ಳಿ.