ಪ್ರತಿಕ್ರಿಯೆ: ಇಳಕಲ್ ಸೆರಗಿನ ಹಲ್ಲುಗಳು

ಇಳಕಲ್ ಸೀರೆಯ ಸೆರಗಿನಲ್ಲಿ ಹೂಬಳ್ಳಿಯ ಬದಲು ಹಲ್ಲುಹಲ್ಲಾದ ಗೆರೆಗಳೇ ಏಕೆ ಎಂದು ಕೇಳಿದ್ದೀರಿ. ಬಾಗಲಕೋಟೆಯವನಾದ್ದರಿಂದ ಸುಮ್ಮನಿರಲಾಗಲಿಲ್ಲ.

ಮೊದಲ ಕಾರಣ ಮಗ್ಗ. ಹಾಸು ಎಂದರೆ ಉದ್ದದ ಎಳೆ, ಹೊಕ್ಕು ಎಂದರೆ ಅಡ್ಡದ ಎಳೆ; ಎರಡೂ ಲಂಬಕೋನದಲ್ಲಿಯೇ ಸಂಧಿಸುತ್ತವೆ. ಹಾಗಾಗಿ ನೇಯ್ಗೆಯಲ್ಲಿ ಬಳುಕುವ ಗೆರೆ ಎಂದರೆ ಸಣ್ಣ ಸಣ್ಣ ಮೆಟ್ಟಿಲುಗಳ ಸಾಲು. ಬಳ್ಳಿ ಅಸಾಧ್ಯವೇನಲ್ಲ, ಆದರೆ ಶ್ರಮ ಹೆಚ್ಚು, ಹಲ್ಲು ಸಲೀಸು. ಇಳಕಲ್ಲಿನ ನಿಜವಾದ ಜಾಣತನ ಬೇರೆಡೆ ಇದೆ. ಒಡಲಿನ ಹಾಸು ಹತ್ತಿಯದು, ಸೆರಗಿನದು ರೇಷ್ಮೆ. ಎರಡರ ಎಳೆಗಳನ್ನು ಕೊಂಡಿ ಹಾಕಿ ಒಂದೊಂದಾಗಿ ಬೆಸೆಯುತ್ತಾರೆ. ಆದ್ದರಿಂದಲೇ ಒಂದು ಸಲ ಹಾಸು ಹೂಡಿದರೆ ಒಂದೇ ಸೀರೆ. ಈ ಕೊಂಡಿಯನ್ನು ನೋಡದೆ ಬಣ್ಣವನ್ನಷ್ಟೇ ಹೊಗಳುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ಇನ್ನು ಹೆಸರುಗಳು. ಕೆಂಪು ಸೆರಗಿನ ಬಿಳಿ ಹಲ್ಲುಗಳಲ್ಲಿ ಹಣಿಗೆ, ಕೋಟೆಯ ಗೋಡೆ, ಜೋಳದ ತೆನೆ, ಬೆಟ್ಟಸಾಲು ಎಂಬ ಬಗೆಗಳಿವೆ. ಹಣಿಗೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಈ ಸೀಮೆಯ ಭೂಗೋಳವೇ: ಎರೆಹೊಲದ ಜೋಳ, ಬಾದಾಮಿಯ ಗುಡ್ಡ, ಅದರ ಮೇಲಿನ ಕೋಟೆ. ಕನ್ನಡದಲ್ಲಿ ‘ತೆನೆ’ ಎಂದರೆ ಕಾಳಿನ ಗೊಂಚಲೂ ಹೌದು, ಕೋಟೆಯ ಮೇಲಂಚಿನ ಹಲ್ಲೂ ಹೌದು. ಒಂದೇ ಆಕಾರವನ್ನು ರೈತನೊಬ್ಬ ಜೋಳವೆಂದೂ ಕಾವಲುಗಾರನೊಬ್ಬ ಕೋಟೆಯೆಂದೂ ಓದಬಹುದು.

ಇಳಕಲ್ ಸೀರೆಯ ಮೇಲೆ ಸೂಜಿಯಿಂದ ಹಾಕುವ ಕಸೂತಿಯ ಲೆಕ್ಕ ಬೇರೆ. ಅಲ್ಲಿ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗವಂತಿ ಎಂಬ ಕಸೂತಿ ಹೊಲಿಗೆ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುತ್ತದೆ. ಕೈಗೆ ಸೀರೆ ಸಿಕ್ಕರೆ ಮೊದಲು ಮಗುಚಿ ನೋಡಿ.